ಕಡಲು ಮುಚ್ಚಿದ ತಿಂಗಳುಗಳು

ಹೊಳಲ್ಕೆರೆ ದಾಟಿ ಹೊಸದುರ್ಗದ ಕಡೆ ಬಸ್ಸು ತಿರುಗಿದ ಮೇಲೆ ಎಡಗಡೆ ಒಂದು ತೆಂಗಿನ ನಾರಿನ ಕಾರ್ಖಾನೆ ಸಿಗುತ್ತದೆ. ಅಂಗಳದ ತುಂಬ ತೆಂಗಿನಕಾಯಿ ಸುಲಿದ ಮಟ್ಟೆಯ ಗುಡ್ಡೆಗಳು, ಅವುಗಳ ಮೇಲೆ ಸದಾ ನೀರು ಬಿಡುವ ಪೈಪು. ಅಲ್ಲಿಗೆ ಬರುವ ಹೊತ್ತಿಗೆ ಬಸ್ಸಿನೊಳಗೆ ಕಿಟಕಿಯ ಗಾಜುಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ. ನಾನು ಮಾತ್ರ ನನ್ನದನ್ನು ತೆಗೆಯುತ್ತೇನೆ. ನೆನೆದು ಕೊಳೆತ ಮಟ್ಟೆಯ ವಾಸನೆ ಯಾರೂ ಬಯಸುವಂಥದ್ದಲ್ಲ. ಹಳಸಿದ ಗಂಜಿಯಂತೆ, ಬಾವಿಯ ತಳದ ಕೆಸರಿನಂತೆ ಹುಳಿಹುಳಿಯಾಗಿ ಮೂಗಿಗೆ ಬಡಿಯುತ್ತದೆ. ಆದರೆ ಅದು ಬಡಿದ ಕ್ಷಣ ನಮ್ಮ ಮಾಳಿಗೆ ಮನೆಯ ಪಡಸಾಲೆ ನನ್ನ ಕಣ್ಣ ಮುಂದೆ ಎದ್ದು ನಿಲ್ಲುತ್ತದೆ. ಮಣ್ಣಿನ ಚಾವಣಿ, ಎಣ್ಣೆ ಕುಡಿದು ಕಪ್ಪಾದ ಕಂಬಗಳು, ಗವಾಕ್ಷಿಯಿಂದ ಇಳಿದ ಬೆಳಕಿನ ಕೋಲಿನಲ್ಲಿ ತೇಲಾಡುವ ನಾರಿನ ಪುಡಿ, ಕಂಬಕ್ಕೊರಗಿ ಕೂತ ನಮ್ಮ ಅಜ್ಜಿ, ಅವಳೆದುರು ಕಾಲು ಚಾಚಿ ಹಗ್ಗ ಹೊಸೆಯುತ್ತಿರುವ ಸಾರಕ್ಕ. ನಿಮಗೂ ಇಂಥದೊಂದು ವಾಸನೆ ಇರಬೇಕು. ಬೇರೆಯವರು ಮೂಗು ಮುಚ್ಚಿಕೊಳ್ಳುವ ಕಡೆ ನೀವೊಬ್ಬರೇ ಉಸಿರೆಳೆದುಕೊಳ್ಳುವಂಥದ್ದು.

ಆ ಮನೆ ಈಗಿಲ್ಲ. ಹೊಸದುರ್ಗದಲ್ಲಿ ಮತ್ತೋಡಿನ ರಸ್ತೆಯನ್ನು ಅಗಲ ಮಾಡುವಾಗ ಜಗುಲಿ, ಪಡಸಾಲೆ ಹೋದವು. ಹಿಂದೆ ಉಳಿದ ಅಡುಗೆಮನೆ, ದನದ ಕೊಟ್ಟಿಗೆಗಳನ್ನು ನಾವೇ ಕೆಡವಿದೆವು. ಈಗ ಅಲ್ಲಿ ಟೈರ್ ಪಂಕ್ಚರ್ ಅಂಗಡಿಯೊಂದಿದೆ. ನಾನು ಚಿತ್ರದುರ್ಗದಲ್ಲಿ ಸಂಸಾರ ಹೂಡಿ ಎಷ್ಟೋ ಕಾಲವಾಯಿತು. ಆ ಮನೆಯಲ್ಲಿದ್ದವರಲ್ಲಿ ಉಳಿದವಳು ನಾನೊಬ್ಬಳೇ.

ಸಾರಕ್ಕ ನಮ್ಮ ಮನೆಗೆ ಬಂದದ್ದು ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ. ಊರಿನ ಹೆಂಗಸರಿಗೆ ನಾರು ಹೊಸೆಯುವುದನ್ನು ಕಲಿಸಲು ಹೊಸದುರ್ಗದಲ್ಲಿ ಒಂದು ತರಬೇತಿ ಕೇಂದ್ರ ತೆರೆದಿದ್ದರು. ಅದಕ್ಕೆ ಟೀಚರ್ ಆಗಿ ಮಂಗಳೂರಿನಿಂದ ಒಬ್ಬ ಹೆಂಗಸು ಬರುತ್ತಾಳೆ, ಉಳಿಯಲು ಒಂದು ಕೋಣೆ ಬೇಕು ಎಂದು ಯಾರೋ ಅಪ್ಪನನ್ನು ಕೇಳಿದರು. ಅಪ್ಪ ತೆಂಗಿನ ತೋಟದವನು, ಕೊಬ್ಬರಿ ವ್ಯಾಪಾರದವನು. ಮಟ್ಟೆಗೂ ಬೆಲೆ ಬರುವುದಾದರೆ ಬರಲಿ ಎಂದು ಒಪ್ಪಿಕೊಂಡ. ಅಮ್ಮ ನನ್ನ ಹೆರಿಗೆಯಲ್ಲೇ ತೀರಿಕೊಂಡಿದ್ದಳು. ಮನೆಯಲ್ಲಿದ್ದದ್ದು ಅಜ್ಜಿ, ಅಪ್ಪ, ನಾನು ಮೂವರೇ. ಜಗುಲಿಯ ಪಕ್ಕದ ಕೋಣೆ ಖಾಲಿ ಇತ್ತು. ಬಂದವಳು ಮಂಗಳೂರಿನವಳಲ್ಲ, ಅಲ್ಲಿಂದಲೂ ಆಚೆ, ಅರಬ್ಬೀ ಸಮುದ್ರದ ನಡುವಿನ ಚೆತ್ಲತ್ ಎಂಬ ದ್ವೀಪದವಳು, ಮುಸಲ್ಮಾನರವಳು ಎಂದು ತಿಳಿದದ್ದು ಅವಳು ಜಗುಲಿಯ ಮೇಲೆ ಟ್ರಂಕು ಇಳಿಸಿದ ಮೇಲೆ. ಹೆಸರು ಸಾರೊಮ್ಮಾಬಿ. ಅಷ್ಟುದ್ದದ ಹೆಸರು ಅಜ್ಜಿಯ ಬಾಯಲ್ಲಿ ತಿರುಗಲಿಲ್ಲ. ಅಜ್ಜಿಗೆ ಅವಳು ಸಾರಮ್ಮಳಾದಳು, ನನಗೆ ಸಾರಕ್ಕ.

ಕೊರಳಲ್ಲಿ ಲಿಂಗ ಕಟ್ಟಿಕೊಂಡ ನಮ್ಮ ಅಜ್ಜಿ ಅವಳನ್ನು ಮೇಲಿನಿಂದ ಕೆಳಗೆ ನೋಡಿ ಒಂದೇ ಮಾತು ಹೇಳಿದ್ದಳು. “ನೋಡವ್ವ, ಮೀನು ಒಂದು ಬ್ಯಾಡ. ಉಳಿದಿದ್ದು ಏನಾರ ಮಾಡ್ಕಂಡು ಉಣ್ಣು.”

ಸಾರಕ್ಕ ಬಾಗಿಲಾಚೆಯ ಒಣಗಿದ ಕೆರೆಯಂಗಳವನ್ನು ನೋಡಿ ನಕ್ಕು, ಮಂಗಳೂರಿನಲ್ಲಿ ಕಲಿತ ಕನ್ನಡದಲ್ಲಿ ಕೇಳಿದಳು. “ನೀರೇ ಇಲ್ಲದ ಊರಲ್ಲಿ ಮೀನು ಎಲ್ಲಿ ಉಂಟು ಅಜ್ಜಿ?”

ಅಜ್ಜಿಯೂ ನಕ್ಕುಬಿಟ್ಟಳು. ಒಂದು ತಿಂಗಳು ಕಳೆಯುವಷ್ಟರಲ್ಲಿ ಸಾರಕ್ಕನ ಕೋಣೆಯ ಒಲೆ ಆರಿತ್ತು. ಅವಳು ನಮ್ಮ ಅಡುಗೆಮನೆಯ ಹೊಸಿಲ ಬಳಿ ಕೂತು ಮುದ್ದೆ ನುಂಗುವುದನ್ನು ಕಲಿಯುತ್ತಿದ್ದಳು. ಅನ್ನದಂತೆ ಅಗಿಯಲು ಹೋಗಿ ಹಲ್ಲಿಗೆ ಮೆತ್ತಿಕೊಂಡು ಪಡಿಪಾಟಲು ಪಡುತ್ತಿದ್ದರೆ ಅಜ್ಜಿ, “ಅಗೀಬ್ಯಾಡ ಕಣೇ, ಸಾರಲ್ಲಿ ಹೊಳ್ಳಿಸಿ ಇಳಿಸು,” ಎಂದು ತಾನೇ ಒಂದು ತುತ್ತು ಮಾಡಿ ತೋರಿಸುತ್ತಿದ್ದಳು.

ತನ್ನ ಊರನ್ನು ಅವಳು ನಮಗೆ ತೋರಿಸಿದ್ದು ರಾಗಿಯಲ್ಲಿ. ಅಂಗಳದಲ್ಲಿ ಒಣಗಲು ಹರವಿದ್ದ ರಾಗಿಯನ್ನು ಅಂಗೈಯಿಂದ ಸರಿಸಿ, ನಡುವೆ ಸೌತೆಕಾಯಿಯಂತೆ ಉದ್ದಕ್ಕೆ ಒಂದು ದಿಬ್ಬ ಉಳಿಸಿದಳು. ಇದು ಊರು. ಪಡುವಣಕ್ಕೆ ಕೈಬಳೆಯ ತುಂಡಿನಂತೆ ಹವಳದ ಬಂಡೆಯ ಸಾಲು. ಬಂಡೆಗೂ ಊರಿಗೂ ನಡುವೆ ಸೊಂಟದುದ್ದದ ಹಸಿರು ನೀರು, ಅಲ್ಲಿ ಮಕ್ಕಳೂ ಈಜಬಹುದು. ಮೂಡಣಕ್ಕೆ ಮಾತ್ರ ದಡದಿಂದಲೇ ಆಳ. ಹಡಗು ಆ ಕಡೆ ದೂರದಲ್ಲಿ ನಿಲ್ಲುತ್ತದೆ, ಹತ್ತಿರ ಬರಲಾಗದು. ಹಡಗಿನ ಮೈಗೆ ಹಗ್ಗದೇಣಿ ಇಳಿಬಿಡುತ್ತಾರೆ. ಅಲೆ ದೋಣಿಯನ್ನು ಮೇಲೆತ್ತಿದ ಕ್ಷಣ ನೋಡಿಕೊಂಡು ಏಣಿಯಿಂದ ದೋಣಿಗೆ ಹಾರಬೇಕು. ಹೊಳೆಯಿಲ್ಲ, ಹಳ್ಳವಿಲ್ಲ, ಬೆಟ್ಟವಿಲ್ಲ. ಇಡೀ ಊರಿನಲ್ಲಿ ಎತ್ತರವಾದದ್ದು ಎಂದರೆ ತೆಂಗಿನ ಮರ. ಎರಡಾಳು ಆಳ ತೋಡಿದರೆ ಸಿಹಿನೀರು ಸಿಗುತ್ತದೆ, ಆದರೆ ಕಡಲು ಏರಿದಾಗ ಬಾವಿಯೂ ಏರುತ್ತದೆ, ಇಳಿದಾಗ ಇಳಿಯುತ್ತದೆ. ಹಾವಿಲ್ಲ, ನಾಯಿಯಿಲ್ಲ. ಅಕ್ಕಿ, ಬೇಳೆ, ಸಕ್ಕರೆ ಎಲ್ಲವೂ ಹಡಗಿನಲ್ಲೇ ಬರಬೇಕು. ಮಟ್ಟೆಯನ್ನು ಹೆಂಗಸರು ದಡದ ಮರಳಿನಲ್ಲಿ ಹೂತಿಟ್ಟು, ತಿಂಗಳುಗಟ್ಟಲೆ ಉಪ್ಪುನೀರು ಕುಡಿಸಿ, ಬಡಿದು ನಾರು ತೆಗೆಯುತ್ತಾರೆ. ಮದುವೆಯಾದ ಹೆಣ್ಣು ತವರು ಬಿಡುವುದಿಲ್ಲ, ಗಂಡನೇ ಬಂದು ಹೋಗುತ್ತಾನೆ. ಮನೆ, ಮರ ಎಲ್ಲ ತಾಯಿಯಿಂದ ಮಗಳಿಗೆ.

“ಹಂಗಾರೆ ನೀನ್ಯಾಕೆ ತಾಯಿ ಬಿಟ್ಟು ಇಷ್ಟು ದೂರ ಬಂದೆ?” ಎಂದು ಅಜ್ಜಿ ಕೇಳಿದಳು.

ಸಾರಕ್ಕ ರಾಗಿಯ ಊರಿನ ಅಂಚನ್ನು ಬೆರಳಿನಿಂದ ತೀಡುತ್ತ, ಗಂಡ ಬರುವುದನ್ನು ನಿಲ್ಲಿಸಿದ, ಅಣ್ಣತಮ್ಮಂದಿರಿಲ್ಲ, ಮಗಳನ್ನು ಓದಿಸಬೇಕು ಎಂದಳು. ಮಗಳ ಹೆಸರು ಹಾಜರಾ, ನನ್ನ ಓರಗೆಯವಳು, ತನ್ನ ಅಜ್ಜಿಯ ಜೊತೆ ದ್ವೀಪದಲ್ಲಿದ್ದಳು. ಸಾರಕ್ಕ ಅವಳಿಗೆ ಬಟ್ಟೆ ಹೊಲಿಸುವಾಗಲೆಲ್ಲ ನನ್ನ ಅಳತೆ ಕೊಡುತ್ತಿದ್ದಳು. ದರ್ಜಿಯ ಅಂಗಡಿಯಲ್ಲಿ ನಾನು ಕೈ ಅಗಲಿಸಿ ನಿಂತಿದ್ದರೆ ಅವಳು ನನ್ನನ್ನು ನೋಡುತ್ತ ನನ್ನಾಚೆ ಇನ್ನಾರನ್ನೋ ನೋಡುತ್ತಿದ್ದಳು. ಆ ನೋಟ ನನಗೆ ಇಷ್ಟವಾಗುತ್ತಿತ್ತು. ತಾಯಿಯ ಕಣ್ಣು ಹೇಗಿರುತ್ತದೆ ಎಂಬುದನ್ನು ನಾನು ಕಂಡದ್ದು ಅಲ್ಲಿ.

ಒಂದು ಭಾನುವಾರ ಅಜ್ಜಿ ಅವಳನ್ನೂ ನನ್ನನ್ನೂ ಊರ ಹಿಂದಿನ ಬೆಟ್ಟಕ್ಕೆ ಹತ್ತಿಸಿದಳು. ಅರ್ಧಕ್ಕೇ ಸಾರಕ್ಕ ಬಂಡೆ ಹಿಡಿದು ಕೂತಳು. ಮೇಲೆ ಹೋದ ಮೇಲೂ ಎದ್ದು ನಿಲ್ಲಲು ಹೆದರಿ, ಅಜ್ಜಿಯ ಸೆರಗು ಹಿಡಿದುಕೊಂಡೇ ಸುತ್ತ ನೋಡಿದಳು. ಕೆಂಪು ಹೊಲಗಳು, ತೆಂಗಿನ ತೋಟಗಳ ಹಸಿರು ಚೌಕಗಳು, ಇರುವೆ ಸಾಲಿನಂತೆ ಕಾಣುವ ಕುರಿಮಂದೆ, ಅದರಾಚೆ ಮತ್ತೆ ಗುಡ್ಡ, ಗುಡ್ಡದಾಚೆ ಮತ್ತೆ ಬಯಲು.

“ಇದು ಎಲ್ಲಿಗೆ ಮುಗೀತದೆ ಅಜ್ಜಿ?”

“ನೆಲ ಎಲ್ಲಾದ್ರೂ ಮುಗೀತೈತೇನೇ? ಆ ಕಡಿಗೆ ಹಿರಿಯೂರು, ಅದರಾಚಿಗೆ ಧರ್ಮಪುರ, ಅದರಾಚಿಗೆ ಆಂಧ್ರ. ಹೋಗ್ತಾನೇ ಇರ್ತೈತೆ.”

ಸಾರಕ್ಕ ಅಜ್ಜಿ ತೋರಿಸಿದ ಕಡೆಯೇ ನೋಡುತ್ತಿದ್ದಳು. ಕೊನೆಗೆ, ಇಷ್ಟು ನೆಲವಿದ್ದೂ ನಿಮಗೆ ನೀರಿಲ್ಲ, ಅಷ್ಟು ನೀರಿದ್ದೂ ನಮಗೆ ನೆಲವಿಲ್ಲ ಎಂದಳು. ಅಜ್ಜಿ ಅವಳ ತಲೆ ಸವರಿ, ಬಾ ಇಳಿಯಾಣ, ಬಿಸಿಲಾತು ಎಂದಳು.

ಮಳೆಯ ವಿಷಯದಲ್ಲಿ ಮಾತ್ರ ನಮಗೂ ಅವಳಿಗೂ ಕೂಡಿ ಬರುತ್ತಿರಲಿಲ್ಲ. ನಮ್ಮದು ಮೋಡ ನೋಡಿ ಬದುಕುವ ಸೀಮೆ. ಭರಣಿಯಿಂದ ಹಿಡಿದು ಒಂದೊಂದು ಮಳೆಯ ಹೆಸರೂ ಅಜ್ಜಿಯ ನಾಲಿಗೆಯ ಮೇಲಿತ್ತು. ಆಷಾಢದಲ್ಲಿ ಪಡುವಣದಿಂದ ಗಾಳಿ ಎದ್ದು, ಮೋಡಗಳು ನಮ್ಮ ತಲೆಯ ಮೇಲೆ ಹಾದು, ಒಂದು ಹನಿಯನ್ನೂ ಉದುರಿಸದೆ ಓಡಿಹೋಗುವಾಗ ಅವಳು ಜಗುಲಿಯಲ್ಲಿ ನಿಂತು, “ಬರ್ರಿ, ಒಂದೀಟು ನಿಂತು ಹೋಗ್ರಿ,” ಎಂದು ನೆಂಟರನ್ನು ಕರೆದಂತೆ ಕರೆಯುತ್ತಿದ್ದಳು. ಸಾರಕ್ಕನಿಗೋ ಮಳೆಗಾಲವೆಂದರೆ ಕಡಲು ಮುಚ್ಚುವ ಕಾಲ. ಮುಂಗಾರು ಹಿಡಿಯಿತೆಂದರೆ ಆಗಿನ ಕಾಲದಲ್ಲಿ ಮಂಗಳೂರಿನಿಂದ ಅವಳ ಊರಿಗೆ ಹಡಗಾಗಲಿ, ಹಾಯಿದೋಣಿ ಮಂಜಿಯಾಗಲಿ ಯಾವುದೂ ಹೊರಡುತ್ತಿರಲಿಲ್ಲ. ಆ ನಾಲ್ಕು ತಿಂಗಳು ಊರಿನವರು ಕೂಡಿಟ್ಟ ಅಕ್ಕಿಯಲ್ಲಿ ಬದುಕಬೇಕು, ಹೊರಗಿದ್ದವರು ಹೊರಗೇ ಇರಬೇಕು. ಅದಕ್ಕೇ ಅವಳು ಪ್ರತಿ ವರ್ಷ ಬೇಸಿಗೆ ರಜೆಯ ಆರಂಭಕ್ಕೇ ಹೋಗಿ ಮಳೆ ಹಿಡಿಯುವುದರೊಳಗೆ ಬಂದುಬಿಡುತ್ತಿದ್ದಳು.

ಮೂರನೆಯ ವರ್ಷ ಹಾಗಾಗಲಿಲ್ಲ. ಕೇಂದ್ರದಲ್ಲಿ ಪರೀಕ್ಷೆ ಮುಂದಕ್ಕೆ ಹೋಗಿ ಅವಳ ರಜೆಯೂ ಮುಂದಕ್ಕೆ ಹೋಯಿತು. ಮೇ ತಿಂಗಳು ಮುಗಿಯುತ್ತ ಬಂದಿತ್ತು. ಒಂದು ಮಧ್ಯಾಹ್ನ ಎದುರಿನ ಎಣ್ಣೆ ಗಿರಣಿಯ ಹುಡುಗ ಓಡಿಬಂದು, ಟೀಚರಿಗೆ ಫೋನು ಎಂದ. ಮಂಗಳೂರಿನ ಬಂದರಿನಲ್ಲಿ ಹಗ್ಗದ ಅಂಗಡಿಯಿಟ್ಟಿದ್ದ ಅವಳ ಸೋದರಮಾವ ಮಾಡಿದ್ದು. ದ್ವೀಪದಿಂದ ವೈರ್‌ಲೆಸ್‌ನಲ್ಲಿ ಸುದ್ದಿ ಬಂದಿತ್ತು. ಅವಳ ತಾಯಿಗೆ ಒಂದು ಕಡೆ ಕೈಕಾಲು ಬಿದ್ದುಹೋಗಿದೆ, ಮಾತು ಸರಿಯಾಗಿ ಹೊರಡುತ್ತಿಲ್ಲ, ಮಗಳನ್ನು ಕೇಳುತ್ತಿದ್ದಾಳೆ. ಕಡೆಯ ಹಡಗು ಮರುದಿನವೋ ಅದರ ಮರುದಿನವೋ ಬಿಡಬಹುದು.

ಅಪ್ಪ ಕೂಡಲೇ ಅಂಗಿ ತೊಟ್ಟ. ಕಡೂರಿನವರೆಗೆ ಕೊಬ್ಬರಿ ಲಾರಿ, ಅಲ್ಲಿಂದ ಬಸ್ಸು. ಹಠ ಮಾಡಿ ನಾನೂ ಹೊರಟೆ. ಅಜ್ಜಿಯೇ, “ಕರ್ಕಂಡು ಹೋಗಪ್ಪ, ಆ ಹುಡುಗಿಗೆ ಜೊತೆ ಆಗ್ತೈತೆ,” ಎಂದಳು. ಸಾರಕ್ಕ ದಾರಿಯುದ್ದಕ್ಕೂ ನನ್ನ ಕೈ ಹಿಡಿದೇ ಇದ್ದಳು. ಘಟ್ಟ ಇಳಿಯುವಾಗ ಮಳೆ ಶುರುವಾಯಿತು. ನಮ್ಮ ಊರಿನ ಮಳೆಯಲ್ಲ, ಬಸ್ಸಿನ ಮುಂದಿನ ಗಾಜಿನಾಚೆ ಏನೂ ಕಾಣದಂಥ ಮಳೆ. ಅವಳ ಕೈ ನನ್ನ ಬೆರಳುಗಳನ್ನು ನೋಯುವಷ್ಟು ಒತ್ತಿತು. ಆ ವರ್ಷ ಮುಂಗಾರು ಕಾಯದೆ ಬಂದಿತ್ತು.

ಬಂದರಿನಲ್ಲಿ ಅವಳ ಮಾವ ಕೊಡೆ ಹಿಡಿದು ನಿಂತಿದ್ದ. ಬಿಳಿ ಗಡ್ಡದ ಸಣ್ಣ ಆಳು. ಹಡಗು ಇದೆ, ಬಿಡುವುದಿಲ್ಲ ಎಂದ. ಗಾಳಿಯ ಎಚ್ಚರಿಕೆ ಬಂದಿದೆ, ಇನ್ನು ಈ ಸಲ ಮುಗಿಯಿತು. ಅಪ್ಪ ಆಫೀಸಿನ ಕಿಟಕಿಯಿಂದ ಕಿಟಕಿಗೆ ಅಲೆದ, ಕೈಮುಗಿದ, ಜೋರು ಮಾಡಿದ. ಸಾರಕ್ಕ ಎಲ್ಲಿಗೂ ಹೋಗಲಿಲ್ಲ. ದೋಣಿ ಕಟ್ಟುವ ದಕ್ಕೆಯ ಕೊನೆಗೆ ಹೋಗಿ ನಿಂತಳು. ಅವಳ ಹಿಂದೆ ನಾನು. ನನ್ನ ಬದುಕಿನಲ್ಲಿ ನಾನು ಕಡಲು ನೋಡಿದ ಮೊದಲ ದಿನ ಅದು. ಬೂದಿ ಬಣ್ಣದ ನೀರು ಬೆಟ್ಟದಂತೆ ಎದ್ದು ಬೆಟ್ಟದಂತೆ ಕುಸಿಯುತ್ತಿತ್ತು. ಆಕಾಶ ಎಲ್ಲಿ, ನೀರು ಎಲ್ಲಿ ಎಂದು ತಿಳಿಯುತ್ತಿರಲಿಲ್ಲ. ಇಷ್ಟು ದೊಡ್ಡದು ಇರುತ್ತದೆಯೇ ಎಂದು ನನ್ನ ಎದೆ ಹಿಗ್ಗುತ್ತಿತ್ತು. ಪಕ್ಕದಲ್ಲಿ ಅವಳು ಬಾಯಿಗೆ ಸೆರಗು ಒತ್ತಿಕೊಂಡು, ಆ ಬೂದಿಯ ಕಡೆ ಮುಖ ಮಾಡಿ, ತನ್ನ ಭಾಷೆಯಲ್ಲಿ ಏನನ್ನೋ ಹೇಳುತ್ತಿದ್ದಳು.

ಮಳೆಗಾಲ ಮುಗಿಯುವವರೆಗೆ ನನ್ನಲ್ಲೇ ಇರು ಎಂದು ಅವಳ ಮಾವ ಕರೆದ. ಅಪ್ಪನೂ ಅದೇ ಸರಿ ಎಂದ. ಅವಳು ತಲೆಯಾಡಿಸಿದಳು.

“ಇಲ್ಲಿದ್ರೆ ಹಗಲೂ ರಾತ್ರಿ ಅದರ ಶಬ್ದ ಕೇಳ್ತದೆ. ಆಗುವುದಿಲ್ಲ ನನಗೆ. ಅಜ್ಜಿಯ ಹತ್ರ ಬರ್ತೇನೆ.”

ಹೀಗೆ ಅವಳು ನಮ್ಮ ಜೊತೆ ತಿರುಗಿ ಬಂದಳು. ಬಾಗಿಲಲ್ಲಿ ನಿಂತಿದ್ದ ಅಜ್ಜಿ ಅವಳ ಕೈಯ ಚೀಲ ಇಸಿದುಕೊಂಡಳು. ಬಚ್ಚಲಿಗೆ ಬಿಸಿನೀರು ತೋಡಿಕೊಟ್ಟಳು. ಅಂದಿನಿಂದ ಸಾರಕ್ಕನ ಹಾಸಿಗೆ ಜಗುಲಿಯ ಕೋಣೆಯಿಂದ ಪಡಸಾಲೆಗೆ, ಅಜ್ಜಿಯ ಮಗ್ಗುಲಿಗೆ ಬಂತು. ಆ ಕಡೆ ನಾನು, ಈ ಕಡೆ ಅವಳು, ನಡುವೆ ಅಜ್ಜಿ. ಮಧ್ಯಾಹ್ನ ಊಟವಾದ ಮೇಲೆ ಅಜ್ಜಿ, ಸಾರಕ್ಕ ಇಬ್ಬರೂ ಎಣ್ಣೆ ಗಿರಣಿಗೆ ಹೋಗಿ ಫೋನಿನ ಎದುರು ಕೂರುತ್ತಿದ್ದರು. ಒಮ್ಮೊಮ್ಮೆ ಮಾವನ ಫೋನು ಬರುತ್ತಿತ್ತು. ತಾಯಿ ಹಾಗೇ ಇದ್ದಾಳೆ, ಗಂಜಿ ಕುಡಿಯುತ್ತಾಳೆ, ಹಾಜರಾ ನೋಡಿಕೊಳ್ಳುತ್ತಾಳೆ. ಆಮೇಲಾಮೇಲೆ ಅದೂ ಅಪರೂಪವಾಯಿತು. ಗಾಳಿಮಳೆಗೆ ವೈರ್‌ಲೆಸ್ ಕೆಟ್ಟಿದೆಯಂತೆ ಎಂದು ತಿಳಿಯಿತು. ಆಮೇಲೆ ಏನೂ ಇಲ್ಲ. ಅಜ್ಜಿ ಅವಳ ಕೈ ಖಾಲಿ ಬಿಡಬಾರದೆಂದು ನಾರಿನ ಹೊರೆ ತರಿಸಿದಳು, ತನಗೂ ಹೊಸೆಯುವುದು ಕಲಿಸು ಎಂದಳು. ಅಜ್ಜಿಗೆ ಅದು ಕೊನೆಗೂ ಬರಲಿಲ್ಲ. ಹಗ್ಗ ಅಲ್ಲಲ್ಲಿ ಬಸುರಿಯಂತೆ ಉಬ್ಬಿಕೊಳ್ಳುತ್ತಿತ್ತು. ಅದನ್ನು ನೋಡಿ ಸಾರಕ್ಕ ನಗುತ್ತಿದ್ದಳು. ಅಜ್ಜಿಗೆ ಬೇಕಾದದ್ದೂ ಅದೇ ಇರಬೇಕು.

ಆ ವರ್ಷ ನಮ್ಮ ಸೀಮೆಗೆ ಹಿಂದೆಂದೂ ಕಾಣದ ಹಾಗೆ ಮಳೆ ಬಂತು. ಮೃಗಶಿರಾ ಹಿಡಿಯಿತು, ಆರಿದ್ರಾ ಹಿಡಿಯಿತು. ಕೆರೆಯಂಗಳದಲ್ಲಿ ನೀರು ನಿಂತು ಕಪ್ಪೆಗಳು ವಟಗುಟ್ಟಿದವು. ಶೇಂಗಾ ಬಿತ್ತಿದ ಅಪ್ಪ ಹೊಲದಿಂದ ಬರುವಾಗ ಮೊಣಕಾಲವರೆಗೆ ಕೆಸರು ಮಾಡಿಕೊಂಡು, ಅದನ್ನು ತೊಳೆಯದೆ ಜಗುಲಿಯಲ್ಲಿ ಕೂತು ಹೋಗಿಬರುವವರಿಗೆಲ್ಲ ತೋರಿಸುತ್ತಿದ್ದ. ಬೀದಿಯಲ್ಲಿ ಎಲ್ಲರ ಮುಖವೂ ಅರಳಿತ್ತು. ನಮ್ಮ ಮನೆಯೊಳಗೆ ಮಾತ್ರ ಮಳೆಯ ಸದ್ದು ಬೇರೆಯಾಗಿತ್ತು. ಇಲ್ಲಿ ಇಷ್ಟಾದರೆ ಅಲ್ಲಿ ಎಷ್ಟು ಎಂದು ಸಾರಕ್ಕ ಅಳೆಯುತ್ತಿದ್ದಳು. ಹನಿ ಬಿದ್ದಾಗಲೆಲ್ಲ ಹೊಸೆಯುವ ಕೈ ನಿಲ್ಲುತ್ತಿತ್ತು.

ಒಂದು ದಿನ ಮಧ್ಯಾಹ್ನವೇ ಕತ್ತಲಾಗಿ ಮಳೆ ಸುರಿಯತೊಡಗಿತು. ಮಣ್ಣಿನ ಮಾಳಿಗೆ ಅಲ್ಲಲ್ಲಿ ಸೋರಿ ನಾನು ಪಾತ್ರೆಗಳನ್ನು ಇಡುತ್ತ ಓಡಾಡುತ್ತಿದ್ದೆ. ಸಾರಕ್ಕ ನಾರನ್ನು ಕೆಳಗೆ ಹಾಕಿ, ಕಂಬಕ್ಕೆ ಹಣೆಯಿಟ್ಟು ಅಳತೊಡಗಿದಳು. ಅಷ್ಟು ತಿಂಗಳಲ್ಲಿ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ. ಸತ್ತಿದ್ರೂ ನನಗೆ ಗೊತ್ತಾಗಲ್ಲ ಅಜ್ಜಿ, ಸತ್ತಿದ್ರೂ ಗೊತ್ತಾಗಲ್ಲ ಎಂದು ಅಷ್ಟನ್ನೇ ಮತ್ತೆ ಮತ್ತೆ ಹೇಳಿದಳು. ಅಜ್ಜಿ ಅವಳ ಬೆನ್ನು ಸವರುತ್ತ ಕೂತಿದ್ದವಳು ತಟ್ಟನೆ ಎದ್ದಳು. ಸೀದಾ ಅಂಗಳದ ನಡುವೆ ಹೋಗಿ ನಿಂತಳು. ನೆರೆತ ಕೂದಲು ಕೆನ್ನೆಗೆ ಅಂಟಿಕೊಂಡಿತು, ಸೀರೆ ಮೈಗೆ ಅಂಟಿಕೊಂಡಿತು. ಎರಡೂ ಕೈ ಜೋಡಿಸಿ ಮುಖ ಮೇಲೆತ್ತಿದಳು.

“ಸಾಕು ಕಣಪ್ಪ, ನಿಲ್ಲು. ನಮಗೆ ಬಂದಿದ್ದು ಸಾಕು. ಈ ಹುಡುಗಿ ಅವರವ್ವನ ಮುಖ ನೋಡ್ಲಿ, ನಿಲ್ಲು.”

ಜಗುಲಿಯಲ್ಲಿದ್ದ ಅಪ್ಪ ಬೆಚ್ಚಿ ಎದ್ದು ನಿಂತ. “ಅವ್ವಾ, ಏನ್ ಮಾತಾಡ್ತಿದೀಯ! ಮಳೆನ ಯಾರಾದ್ರೂ ಬ್ಯಾಡ ಅಂತಾರಾ?”

“ಅಂತೀನಿ ಬಿಡು. ನಿನ್ ಶೇಂಗಾ ಹೋದ್ರೆ ಇನ್ನೊಂದು ವರ್ಷ ಬರ್ತೈತೆ.”

ಅಪ್ಪ ಒಳಗೆ ಕಂಬದ ಬಳಿ ಇದ್ದವಳನ್ನು ನೋಡಿದ. ಗೋಣಿಚೀಲದ ಕೊಪ್ಪೆ ತಂದು ಅಜ್ಜಿಯ ತಲೆಯ ಮೇಲೆ ಹೊದಿಸಿದ. ಸಾರಕ್ಕ ಓಡಿಬಂದು ಅಜ್ಜಿಯನ್ನು ಅಪ್ಪಿಕೊಂಡು ಒಳಗೆ ಕರೆತಂದಳು. ಒಲೆಯ ಮುಂದೆ ಕೂರಿಸಿ ತಲೆ ಒರೆಸುತ್ತ, ಹಾಗೆ ಹೇಳಬೇಡ ಅಜ್ಜಿ, ಬರಲಿ, ನಿಮಗೆ ಬರಲಿ ಎಂದು ಅಳುತ್ತಲೇ ಬೈಯುತ್ತಿದ್ದಳು. ಮಳೆ ಯಾರ ಮಾತನ್ನೂ ಕೇಳದೆ ಸಂಜೆಯವರೆಗೆ ಸುರಿಯಿತು. ಅಜ್ಜಿ ನೆಗಡಿ ಹಿಡಿದು ವಾರ ಮಲಗಿದಳು. ಮೆಣಸಿನ ಕಷಾಯ ಕುಡಿಸಿ ಆರೈಕೆ ಮಾಡಿದವಳು ಸಾರಕ್ಕ. ಅವಳ ಮುಖ ಮೊದಲಿನಂತಾದದ್ದು ಆ ವಾರದಲ್ಲೇ.

ಗಣೇಶನ ಹಬ್ಬ ಕಳೆದ ಮೇಲೆ ಕಡಲು ತೆರೆಯಿತು. ತಾಯಿ ಬದುಕಿದ್ದಾಳೆ ಎಂಬ ಸುದ್ದಿಯೂ ಮೊದಲ ಹಡಗಿನ ಸುದ್ದಿಯೂ ಒಂದೇ ಫೋನಿನಲ್ಲಿ ಬಂದವು. ಸಾರಕ್ಕ ಗಿರಣಿಯಿಂದ ರಸ್ತೆಗೆ ಅಡ್ಡಡ್ಡ ಓಡಿಬಂದದ್ದು, ಲಾರಿಯವನು ಬೈದದ್ದು, ಅವಳು ಅವನಿಗೂ ಕೈಮುಗಿದದ್ದು ನನಗೆ ಇಂದಿಗೂ ಕಾಣುತ್ತದೆ. ಅಜ್ಜಿ ಹುರಿಟ್ಟು, ಶೇಂಗಾದ ಉಂಡೆ, ಬಾಣಂತಿಗೆ ಕಟ್ಟುವಂತೆ ಕೊಬ್ಬರಿ ಖಾರ ಎಲ್ಲ ಕಟ್ಟಿದಳು. ತೆಂಗಿನ ದ್ವೀಪಕ್ಕೆ ಕೊಬ್ಬರಿ ಯಾಕವ್ವ ಎಂದು ಅಪ್ಪ ನಕ್ಕ. ಬಸ್ಸು ಹತ್ತುವ ಮುಂಚೆ ಸಾರಕ್ಕ ಅಜ್ಜಿಯ ಕಾಲು ಮುಟ್ಟಲು ಬಗ್ಗಿದಳು. ಅಜ್ಜಿ ಬಿಡದೆ ಎತ್ತಿಕೊಂಡು, “ನಿಮ್ಮವ್ವನ ಚೆನ್ನಾಗಿ ನೋಡ್ಕ. ಇಲ್ಲೇನೈತೆ, ನಾವೆಲ್ಲಿಗೆ ಹೋಗ್ತೀವಿ,” ಎಂದಳು.

ಅವಳು ತಿರುಗಿ ಬರಲಿಲ್ಲ. ತಾಯಿ ಮತ್ತೂ ಕೆಲವು ವರ್ಷ ಹಾಸಿಗೆಯಲ್ಲಿದ್ದಳಂತೆ, ಬಿಟ್ಟು ಬರುವಂತಿರಲಿಲ್ಲ. ಮಂಗಳೂರಿನ ಕಡೆಯಿಂದ ಬರುವ ಲಾರಿಯವರ ಕೈಯಲ್ಲಿ ಎರಡು ಮೂರು ಸಲ ತೆಂಗಿನ ಬೆಲ್ಲ ಬಂತು. ಅವಳ ಮಾವ ಅಂಗಡಿ ಮುಚ್ಚಿದ ಮೇಲೆ ಅದೂ ನಿಂತಿತು. ನಾನು ಕಾಲೇಜಿಗೆ ಸೇರಿದ ವರ್ಷ ಅಜ್ಜಿ ಹೋದಳು. ನಮ್ಮವರ ಪದ್ಧತಿಯಂತೆ ಅವಳನ್ನು ಮತ್ತೋಡಿನ ರಸ್ತೆಯ ತೋಟದಲ್ಲೇ ಮಣ್ಣು ಮಾಡಿ ಮೇಲೆ ಸಣ್ಣದೊಂದು ಗದ್ದುಗೆ ಕಟ್ಟಿಸಿದೆವು. ಸಾರಕ್ಕನಿಗೆ ತಿಳಿಸಲು ನಮಗೆ ದಾರಿಯಿರಲಿಲ್ಲ.

ಹೋದ ವರ್ಷ ನನಗೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಮಗನನ್ನು ಮಂಗಳೂರಿನ ಕಾಲೇಜಿಗೆ ಸೇರಿಸಲು ಬಂದಿದ್ದ ಹಾಜರಾ. ಎಣ್ಣೆ ಗಿರಣಿಯ ಹೆಸರು ತಾಯಿ ಹೇಳಿದ್ದು ನೆನಪಿತ್ತಂತೆ; ಮಗ ಮೊಬೈಲಿನಲ್ಲಿ ಹುಡುಕಿದ, ಗಿರಣಿಯವರ ಮಗ ನನ್ನ ನಂಬರು ಕೊಟ್ಟ. ಅವಳ ತಾಯಿ ತೀರಿಕೊಂಡು ಎರಡು ವರ್ಷವಾಗಿತ್ತು. ಉಮ್ಮಾ ಇದ್ದ ಮನೆ ನೋಡಬೇಕು ಎಂದಳು. ಮನೆಯಿಲ್ಲ ಎಂದೆ. ಆದರೂ ಬರುತ್ತೇನೆ ಎಂದಳು.

ಬಂದವಳನ್ನು ನಾನು ಹೊಸದುರ್ಗದ ಬಸ್ ಸ್ಟ್ಯಾಂಡಿನಲ್ಲಿ ನೋಡಿದ ಕೂಡಲೇ ಗುರುತಿಸಿದೆ; ಅದೇ ಹಣೆ, ಅದೇ ನಡಿಗೆ. ನನ್ನ ಮುರುಕು ಹಿಂದಿ, ಅವಳ ಮುರುಕು ಹಿಂದಿ, ಅಷ್ಟರಲ್ಲೇ ನಮ್ಮ ಮಾತು. ಟೈರ್ ಅಂಗಡಿಯ ಮುಂದೆ ಸ್ವಲ್ಪ ಹೊತ್ತು ನಿಂತೆವು. ಅವಳು, ನಿಮ್ಮ ಅಜ್ಜಿ ಎಲ್ಲಿ ಮಲಗಿದ್ದಾರೆ ಎಂದು ಕೇಳಿದಳು. ತೋಟಕ್ಕೆ ಕರೆದುಕೊಂಡು ಹೋದೆ. ಗದ್ದುಗೆಯ ಮೇಲೆ ಬಿದ್ದಿದ್ದ ಒಣಗರಿಯನ್ನು ಅವಳೇ ಎತ್ತಿ ಬದಿಗಿಟ್ಟಳು, ಅಂಗೈಗಳನ್ನು ಮೇಲಕ್ಕೆ ತೆರೆದು ಪ್ರಾರ್ಥಿಸಿದಳು. ಆಮೇಲೆ ಇಬ್ಬರೂ ಅಲ್ಲೇ ನೆರಳಿನಲ್ಲಿ ಕೂತೆವು.

ಉಮ್ಮಾ ಒಂದು ಮಾತು ಹೇಳುತ್ತಿದ್ದಳು ಎಂದು ಹಾಜರಾ ಹೇಳಿದಳು. ಪ್ರತಿ ವರ್ಷ ಮುಂಗಾರು ಹಿಡಿದು ಹಡಗು ನಿಂತ ಮೇಲೆ, ಪಡುವಣದಿಂದ ಮೋಡ ಎದ್ದು ಊರಿನ ಮೇಲೆ ಕವಿದಾಗ, ಬಾಗಿಲಲ್ಲಿ ನಿಂತು ಮೂಡಣಕ್ಕೆ ಕೈ ತೋರಿಸಿ ಮೋಡಗಳಿಗೆ ಹೇಳುವ ಮಾತು. ಮನೆಯ ಮಕ್ಕಳೆಲ್ಲ ಅದನ್ನು ಕಲಿತು ಮಳೆಯಲ್ಲಿ ಕುಣಿಯುತ್ತ ಕೂಗುತ್ತಿದ್ದರಂತೆ, ಈಗಲೂ ಕೂಗುತ್ತಾರಂತೆ. ಅದು ಯಾವ ಭಾಷೆಯೆಂದು ಗೊತ್ತು, ಅರ್ಥವನ್ನು ಮಾತ್ರ ಉಮ್ಮಾ ಎಂದೂ ಹೇಳಲಿಲ್ಲ, ನಕ್ಕು ಸುಮ್ಮನಾಗುತ್ತಿದ್ದಳು ಎಂದಳು. ಮತ್ತೆ, ಮಗುವೊಂದು ಪಾಠ ಒಪ್ಪಿಸುವಂತೆ, ಒಂದೊಂದೇ ಶಬ್ದವನ್ನು ಎಚ್ಚರದಿಂದ ಇಟ್ಟು ಹೇಳಿದಳು.

“ಇಲ್ಲ್ಯಾಕೆ ನಿಂತ್ರಿ, ಹೊಸದುರ್ಗಕ್ಕೆ ಹೋಗ್ರಿ. ಅಲ್ಲಿ ಅಜ್ಜಿ ಕಾಯ್ತಾ ಕುಂತೈತೆ.”

ಏನು ಇದರ ಅರ್ಥ ಎಂದು ನನ್ನ ಮುಖ ನೋಡಿದಳು. ಹಿಂದಿಯಲ್ಲಿ ಹೇಳಲು ಕಷ್ಟವಾದ ಮಾತೇನಲ್ಲ. ಆದರೂ ಗದ್ದುಗೆಯ ಮೇಲೆ ಕೈಯಿಟ್ಟುಕೊಂಡು, ಇನ್ನೊಂದು ಸಲ ಹೇಳು ಎಂದೆ.